ಪಾರಿವಾಳಕ್ಕೆ ಸಲ್ಲುವ ಸೂಜಿ

ಪಾರಿವಾಳವು ಕೋಳಿಯ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅಮೆರಿಕದ ನಮ್ಮ ಕೋಲ್ಟನ್ ಊರಿನ ಕೋರ್ಟಿನಲ್ಲಿ ಒಂದು ಇಡೀ ಬೆಳಗ್ಗೆ ವಾದ ನಡೆದದ್ದುಂಟು. ವಾದಿಸಿದವರು ಟೈ ಕಟ್ಟಿದ ಇಬ್ಬರು ವಕೀಲರು. ಗಲ್ಲಕ್ಕೆ ಕೈಯೂರಿ ಕೇಳಿದವರು ನ್ಯಾಯಾಧೀಶ ಹ್ಯಾಲೊರನ್. ಆರೋಪಿಯ ಕುರ್ಚಿಯಲ್ಲಿ ಕೂತಿದ್ದವಳು ನಮ್ಮ ಬೀದಿಯ ಮಾಂಸದಂಗಡಿಯಲ್ಲಿ ಸಾಸೇಜು ತುಂಬುವ ಬ್ರೋನ್ಯಾ ಮಜೂರ್. ನಾನು ಎಂದಿನಂತೆ ಬಾಗಿಲ ಬಳಿ ನಿಂತಿದ್ದೆ. ನನ್ನ ಉದ್ಯೋಗವೇ ಅದು: ನ್ಯಾಯಾಧೀಶರು ಒಳಗೆ ಬರುವಾಗ ‘ಎಲ್ಲರೂ ಎದ್ದು ನಿಲ್ಲಿ’ ಎನ್ನುವುದು, ಅವರು ಮಾತಾಡುವಾಗ ಯಾರಾದರೂ ಗೊರಕೆ ಹೊಡೆದರೆ ಹೋಗಿ ಭುಜ ಅಲುಗಿಸುವುದು. ಎರಡನೆಯ ಕೆಲಸವೇ ಜಾಸ್ತಿ.

ಬ್ರೋನ್ಯಾ ನನ್ನ ಪಕ್ಕದ ಮನೆಯವಳು. ನಮ್ಮ ಬೀದಿಯಲ್ಲಿ ಪೋಲಿಷ್ ಮನೆಗಳೇ ಹೆಚ್ಚು. ಅವಳನ್ನು ಎಲ್ಲರೂ ‘ಪಾನಿ ಬ್ರೋನ್ಯಾ’ ಎನ್ನುತ್ತಿದ್ದರು, ಅಮ್ಮಾವ್ರೇ ಎಂದಂತೆ. ಕುಳ್ಳು, ಗುಂಡು, ತಲೆಗೆ ಸದಾ ಹೂವಿನ ಚಿತ್ತಾರದ ವಸ್ತ್ರ. ಮೊಣಕೈಯಿಂದ ಕೆಳಗೆ ಮಾತ್ರ ಕುಸ್ತಿಪಟುವಿನ ಕೈಗಳು. ಹಂದಿಯ ತೊಡೆಗೆ ಉಪ್ಪುನೀರು ಒಳಗಿಳಿಸಲು ಅಂಗಡಿಯಲ್ಲಿ ಒಂದು ದೊಡ್ಡ ಸಿರಿಂಜು ಇತ್ತು, ಕುದುರೆಗೆ ಹಾಕುವಷ್ಟು ದೊಡ್ಡದು. ಅದನ್ನು ಹಿಡಿದು ದಿನವೆಲ್ಲ ಚುಚ್ಚುವುದು ಅವಳ ಕೆಲಸ. ಆ ಸಿರಿಂಜಿನ ವಿಚಾರವಾಗಿ ಯಾವ ಪೊಲೀಸನೂ ಅಂಗಡಿಗೆ ಬರಲಿಲ್ಲ. ಬಂದವರು ಹಂದಿ ತೊಡೆ ಕಟ್ಟಿಸಿಕೊಂಡು ಹೋದರು.

ಅವಳ ಗಂಡ ಕಾಜಿಕ್ ಪಂದ್ಯದ ಪಾರಿವಾಳ ಸಾಕುತ್ತಿದ್ದ. ಮಾಳಿಗೆಯ ಮೇಲೆ ಗೂಡು, ಗೂಡಿನ ಮುಂದೆ ಒಂದು ಮುರುಕು ಕುರ್ಚಿ, ಕುರ್ಚಿಯಲ್ಲಿ ಆಕಾಶ ನೋಡುತ್ತ ಕಾಜಿಕ್. ಹೆಂಡತಿಯನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಾಣೆ. ಎಂಬತ್ತರ ದಶಕದಲ್ಲಿ ಪಾರಿವಾಳಗಳಿಗೆ ಒಂದು ಹೊಸ ರೋಗ ಬಂತು. ಹಕ್ಕಿ ಕತ್ತು ತಿರುಚಿಕೊಂಡು ಗಿರಗಿರನೆ ಸುತ್ತಿ ಬೀಳುತ್ತಿತ್ತು. ಕತ್ತಿನ ಚರ್ಮದಡಿ ಲಸಿಕೆ ಚುಚ್ಚಿದರೆ ಉಳಿಯುತ್ತವೆ ಎಂದು ಪಾರಿವಾಳದ ಕ್ಲಬ್ಬಿನವರು ಹೇಳಿದರು. ಕಾಜಿಕ್‌ನ ಕೈ ನಡುಗುತ್ತಿತ್ತು. ಹಾಗಾಗಿ ಚುಚ್ಚುವ ಕೆಲಸ ಬ್ರೋನ್ಯಾಳ ಪಾಲಿಗೇ ಬಂತು. ಅಂಗಡಿಯಲ್ಲಿ ಹಂದಿ, ಮನೆಯಲ್ಲಿ ಹಕ್ಕಿ.

ಒಂದು ಶನಿವಾರ ಕ್ಲಬ್ಬಿನಿಂದ ಲಸಿಕೆ, ಸಿರಿಂಜು ತರುವಾಗ ಅವಳ ಕಾರಿನ ಹಿಂದಿನ ದೀಪ ಕೆಟ್ಟಿತ್ತು. ರೆನಿಕ್ ಎಂಬ ಪೊಲೀಸ್ ಪೇದೆ ನಿಲ್ಲಿಸಿದ. ಆಗಿನ್ನೂ ಹೊಸಬ, ಬೂಟು ಅವನಿಗಿಂತ ಜಾಸ್ತಿ ಹೊಳೆಯುತ್ತಿತ್ತು. ಸೀಟಿನ ಮೇಲಿದ್ದ ಕಾಗದದ ಚೀಲದಲ್ಲಿ ರೈ ಬ್ರೆಡ್ಡಿನ ಪಕ್ಕ ಸೂಜಿಗಳು ಕಂಡವು. ನಮ್ಮ ರಾಜ್ಯದಲ್ಲಿ ಆಗ ಡಾಕ್ಟರ ಚೀಟಿ ಇಲ್ಲದೆ ಇಂಜೆಕ್ಷನ್ ಸೂಜಿ ಇಟ್ಟುಕೊಳ್ಳುವುದೇ ಅಪರಾಧ. ಅದರೊಳಗೆ ಏನೂ ಇರಬೇಕಿಲ್ಲ, ಸೂಜಿ ಇದ್ದರೆ ಸಾಕು.

“ಏನಮ್ಮಾ ಇದು?” ಎಂದ ರೆನಿಕ್.

“ಸೂಜಿ. ನಿಮ್ಮಮ್ಮ ನಿನಗೆ ತೋರಿಸಿಲ್ವಾ?”

“ಯಾರಿಗೆ ಚುಚ್ಚೋಕೆ?”

“ಪಾರಿವಾಳಕ್ಕೆ.”

ಠಾಣೆಯಲ್ಲಿ ಈ ಮಾತು ಕೇಳಿ ನಕ್ಕವರು ನಕ್ಕರು. ಬರೆದುಕೊಳ್ಳುವವನು ಮಾತ್ರ ‘ಆರೋಪಿ ಅಸಂಬದ್ಧವಾಗಿ ಮಾತಾಡುತ್ತಿದ್ದಾಳೆ, ಬಹುಶಃ ಅಮಲಿನಲ್ಲಿದ್ದಾಳೆ’ ಎಂದು ಬರೆದುಕೊಂಡ.

ಬಡವರಿಗೆಂದು ಸರ್ಕಾರವೇ ಕೊಡುವ ವಕೀಲ ಡೆಲವೆಕ್ಕಿಯೊ ಅವಳ ಪಾಲಿಗೆ ಬಂದ. ಒಳ್ಳೆಯವನೇ. ಆದರೆ ಅವನಿಗೆ ಕಕ್ಷಿದಾರ ಎಂದರೆ ಬಾಗಿಲು ಹಾಕಿದ ಮನೆ. ಯಾವ ಕೀಲಿ ತಿರುಗುತ್ತದೆ ಎಂದು ಒಂದೊಂದೇ ಹಾಕಿ ನೋಡುವವನು. ಕೋರ್ಟಿನ ಹೊರಗಿನ ಬೆಂಚಿನಲ್ಲಿ ಅವರಿಬ್ಬರು ಮಾತಾಡಿದ್ದು ನನ್ನ ಕಿವಿಗೇ ಬೀಳುತ್ತಿತ್ತು.

“ಚೀಲದಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿರಲಿಲ್ಲ ಅನ್ನೋಣ. ಗೊತ್ತಿಲ್ಲದೆ ಇಟ್ಕೊಂಡ್ರೆ ಅಪರಾಧ ಅಲ್ಲ.”

“ನಾನೇ ತುಂಬಿಸಿದ ಚೀಲ ಕಣಯ್ಯಾ.”

“ಸರಿ, ನಿಮ್ಮದಲ್ಲ, ಗಂಡಂದು ಅನ್ನೋಣ.”

“ಅವನನ್ನ ಒಳಗೆ ಹಾಕಿದ್ರೆ ಹಕ್ಕಿಗೆ ಕಾಳು ನೀನು ಹಾಕ್ತೀಯಾ?”

“ಪೊಲೀಸ್ನೋನು ನಿಮ್ಮ ಅನುಮತಿ ಇಲ್ಲದೆ ಚೀಲ ತೆಗೆದನಾ? ಹಾಗಿದ್ರೆ ಶೋಧನೆಯೇ ಅಕ್ರಮ ಅಂತ...”

“ಚೀಲದ ಬಾಯಿ ತೆರೆದೇ ಇತ್ತು. ಬ್ರೆಡ್ಡು ಬೆವರಬಾರದು ನೋಡು.”

ಡೆಲವೆಕ್ಕಿಯೊ ನಿಟ್ಟುಸಿರು ಬಿಟ್ಟು ಕಾನೂನಿನ ಪುಸ್ತಕ ತೆಗೆದ. ಸೂಜಿ ಇಟ್ಟುಕೊಳ್ಳಲು ಯಾರ್ಯಾರಿಗೆ ವಿನಾಯಿತಿ ಎಂದು ಅದರಲ್ಲಿತ್ತು. ಡಾಕ್ಟರು, ಹಲ್ಲಿನ ಡಾಕ್ಟರು, ದನದ ಡಾಕ್ಟರು, ದನ ಕುರಿ ಕೋಳಿ ಸಾಕುವವರು, ಹೆಣ ಕೆಡದಂತೆ ಮದ್ದು ತುಂಬುವವರು. ನಮ್ಮ ಶಾಸನ ಮಾಡಿದವರ ಧಾರಾಳತನ ನೋಡಿ: ಸತ್ತಮೇಲೆ ಎಷ್ಟು ಬೇಕಾದರೂ ಹೊಸ ಸೂಜಿ ಚುಚ್ಚಿಸಿಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಡೆಲವೆಕ್ಕಿಯೊನ ಬೆರಳು ಕೋಳಿಯ ಮೇಲೆ ನಿಂತಿತು.

ಹೀಗೆ ಆ ಬೆಳಗಿನ ವಾದ ಶುರುವಾಯಿತು. ಸರ್ಕಾರಿ ವಕೀಲ ಎದ್ದು, ಕೋಳಿ ಎಂದರೆ ತಿನ್ನಲಿಕ್ಕೆ ಸಾಕುವ ಹಕ್ಕಿ, ಪಾರಿವಾಳ ಚರ್ಚಿನ ಗೋಪುರದಲ್ಲಿ ಕೂತು ಕೆಳಗೆ ಹೋಗುವವರ ಟೋಪಿ ಹಾಳುಮಾಡುವ ಹಕ್ಕಿ ಎಂದ. ಡೆಲವೆಕ್ಕಿಯೊ ನ್ಯಾಯಾಧೀಶರ ಕಡೆಗೆ ತಿರುಗಿದ.

“ಮಹಾಸ್ವಾಮಿ, ತಾವು ಯಾವತ್ತಾದ್ರೂ ನ್ಯೂಯಾರ್ಕಿನ ದೊಡ್ಡ ಹೋಟೆಲಲ್ಲಿ ಎಳೇ ಪಾರಿವಾಳದ ರೋಸ್ಟು ತಿಂದಿದ್ದೀರಾ?”

ಸರ್ಕಾರಿ ವಕೀಲ ಆಕ್ಷೇಪಣೆ ಎಂದು ಕೂಗಿದ. ಹ್ಯಾಲೊರನ್ ಅವನನ್ನು ಕೈಯೆತ್ತಿ ಸುಮ್ಮನಾಗಿಸಿದರು. ಅವರ ಮುಖದಲ್ಲಿ ಯಾವುದೋ ಹಳೆಯ ಸಂಜೆ ಹಾದುಹೋಯಿತು. “ತಿಂದಿದ್ದೇನೆ. ದ್ರಾಕ್ಷಿ ಸಾರಿನಲ್ಲಿ ಬೇಯಿಸಿದ್ದರು. ಬಹಳ ಚೆನ್ನಾಗಿತ್ತು” ಎಂದರು.

ಅಲ್ಲಿಗೆ ಪಾರಿವಾಳ ಕೋಳಿಯಾಯಿತು. ಬ್ರೋನ್ಯಾ ಕೋಳಿ ಸಾಕುವವಳಾದಳು. ಮೊಕದ್ದಮೆ ವಜಾ ಆಯಿತು. ಎಲ್ಲರಿಗೂ ಸಂತೋಷ, ಕಾಜಿಕ್ ಒಬ್ಬನನ್ನು ಬಿಟ್ಟು. ತನ್ನ ಪಂದ್ಯದ ಹಕ್ಕಿಗಳನ್ನು ತುಂಬಿದ ಕೋರ್ಟಿನಲ್ಲಿ ಒಬ್ಬ ವಕೀಲ ಊಟದ ತಟ್ಟೆಗೆ ಹಾಕಿದನಲ್ಲ ಎಂದು ಅವನ ಹೊಟ್ಟೆ ಉರಿದುಹೋಯಿತು. ಗೆದ್ದ ಖುಷಿಗೆ ಕೈ ಚಾಚಿದ ಡೆಲವೆಕ್ಕಿಯೊನ ಮುಂದೆ ಕಾಜಿಕ್ ಎರಡೂ ಕೈ ಜೇಬಿಗಿಟ್ಟುಕೊಂಡು, “ನನ್ನ ಹೆಂಡತಿ ಜೈಲಿಗೆ ಹೋಗಿದ್ರೂ ಮರ್ಯಾದೆ ಉಳೀತಿತ್ತು” ಎಂದು ಹೇಳಿ ಮೆಟ್ಟಿಲಿಳಿದ. ಬ್ರೋನ್ಯಾ ಹಿಂದಿನಿಂದ ಅವನ ಟೋಪಿಗೆ ಒಂದು ಬಿಗಿದಳು.

ಮುಂದಿನ ವರ್ಷಗಳಲ್ಲಿ ನಮ್ಮ ಕೋರ್ಟಿಗೆ ಸೂಜಿಯ ಮೊಕದ್ದಮೆಗಳು ಸಂತೆಯ ಹಾಗೆ ಬರತೊಡಗಿದವು. ನದಿ ದಂಡೆಯ ಗಿರಣಿಗಳು ಮುಚ್ಚಿದ್ದವು, ಹೆರಾಯಿನ್ ಬಾಗಿಲು ತೆರೆದಿತ್ತು. ಸೂಜಿಯೊಂದಿಗೆ ಸಿಕ್ಕಿದ ಬಡ ಹುಡುಗರ ಮೊಕದ್ದಮೆ ನಾನು ಬಾಗಿಲು ತೆಗೆದು ಮುಚ್ಚುವುದರೊಳಗೆ ಮುಗಿಯುತ್ತಿತ್ತು. ತಪ್ಪಾಯಿತು ಎನ್ನುವುದು, ಜೈಲಿಗೆ ಹೋಗುವುದು. ಪುಸ್ತಕದಲ್ಲಿದ್ದ ಕೀಲಿಗಳನ್ನು ಹಾಕಿ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ.

ಆದರೆ ನಗರಸಭೆಯ ಅಧ್ಯಕ್ಷ ಪೆಟ್ರಿಯ ಮಗ ಸಿಕ್ಕಿಬಿದ್ದಾಗ ಪುಸ್ತಕ ಪೂರ್ತಿ ತೆರೆಯಿತು. ಅವನ ಕಾರಿನಲ್ಲಿ, ಅವನ ಜಾಕೆಟ್ಟಿನ ಜೇಬಿನಲ್ಲಿ ಸೂಜಿ ಇತ್ತು. ಪೆಟ್ರಿ ಹೊರಗಿನಿಂದ ಕರೆಸಿದ ವಕೀಲ ಬೆಳ್ಳಗಿನ ಹಲ್ಲು ತೋರಿಸುತ್ತ, ಕಾರಿನಲ್ಲಿ ಇನ್ನೂ ಗೆಳೆಯರಿದ್ದರು, ಜಾಕೆಟ್ಟನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು, ಜೇಬು ಅವನದಾದ ಮಾತ್ರಕ್ಕೆ ಜೇಬಿನೊಳಗಿನದು ಅವನಿಗೆ ಗೊತ್ತಿತ್ತೆಂದು ಹೇಗೆ ಹೇಳುತ್ತೀರಿ ಎಂದು ವಾದಿಸಿದ. ಕೇಳುತ್ತ ಕೇಳುತ್ತ ನನಗೇ ನನ್ನ ಜೇಬಿನಲ್ಲಿ ಏನಿದೆಯೋ ಎಂದು ಅನುಮಾನ ಬಂದು ಮುಟ್ಟಿ ನೋಡಿಕೊಂಡೆ. ಹುಡುಗ ಬಿಡುಗಡೆಯಾದ. ಅದೇ ವಾರ ಪೆಟ್ರಿ ಸಭೆಯಲ್ಲಿ ಮೇಜು ಗುದ್ದಿ, ಸೂಜಿ ಹಿಡಿದವರ ಮೇಲೆ ಇನ್ನಷ್ಟು ಕಠಿಣ ಕ್ರಮ ಆಗಬೇಕೆಂದು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು.

ಈ ನಡುವೆ ಕಾಜಿಕ್‌ಗೆ ಸಕ್ಕರೆ ಕಾಯಿಲೆ ಬಂತು. ಈಗ ಹಂದಿ, ಹಕ್ಕಿಗಳ ಜೊತೆ ಗಂಡನೂ ಸೇರಿದ. ಡಾಕ್ಟರ ಚೀಟಿ, ಔಷಧಿ ಅಂಗಡಿಯ ಮುದ್ರೆ, ಎಲ್ಲ ಕ್ರಮವಾಗಿತ್ತು. “ನನ್ನನ್ನೂ ಕೋಳಿ ಅಂದ್ಕೊಂಡೇ ಚುಚ್ತಾಳೆ” ಎಂದು ಅವನು ನನ್ನೆದುರು ಗೊಣಗುತ್ತಿದ್ದ. ಒಂದು ವಸಂತದಲ್ಲಿ ತನ್ನ ಮುರುಕು ಕುರ್ಚಿಯಲ್ಲಿ ಕೂತಲ್ಲೇ ತೀರಿಹೋದ. ಬ್ರೋನ್ಯಾ ಅತ್ತದ್ದನ್ನು ನಾವು ಯಾರೂ ನೋಡಲಿಲ್ಲ. ಶವಸಂಸ್ಕಾರದ ಊಟಕ್ಕೆ ಇಡೀ ಬೀದಿಗೆ ಆಗುವಷ್ಟು ಪಿಯೆರೋಗಿ ಕಡುಬು ಮಾಡಿ, ತಾನು ಮುಟ್ಟದೆ, ತಿನ್ನದೆ ಎದ್ದವರನ್ನೆಲ್ಲ ಬೈದಳು. ಅಡುಗೆಮನೆಯ ಕಪಾಟಿನಲ್ಲಿ ಗಂಡನ ಸೂಜಿಗಳು ಒಂದು ಪೆಟ್ಟಿಗೆ ತುಂಬ ಉಳಿದವು.

ಅಂಗಡಿಯಲ್ಲಿ ಅವಳ ಜೊತೆ ರೆನಾಟಾ ಎಂಬವಳು ಕೆಲಸಕ್ಕಿದ್ದಳು. ಇಪ್ಪತ್ತರ ಮೇಲಿನ ವಯಸ್ಸು, ಬಾಯಿ ಜೋರು, ನಗು ಇನ್ನೂ ಜೋರು. ಹೆರಾಯಿನ್ ಹಿಡಿದ ಮೇಲೆ ಕೆಲಸಕ್ಕೆ ತಡವಾಗಿ ಬಂದಳು, ಆಮೇಲೆ ಬರುವುದನ್ನೇ ಬಿಟ್ಟಳು. ಕಾಜಿಕ್ ಸತ್ತ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬ್ರೋನ್ಯಾಳ ಹಿಂಬಾಗಿಲು ತಟ್ಟಿ ನೀರು ಕೇಳಿದಳು. ಅವಳ ತೋಳು ಮೊಣಕೈ ಹತ್ತಿರ ಕೆಂಪಗೆ ಊದಿತ್ತು. ಬ್ರೋನ್ಯಾ ಅವಳನ್ನು ಒಳಗೆ ಎಳೆದು ಕೂರಿಸಿ, ತೋಳನ್ನು ಮಾಂಸ ಪರೀಕ್ಷೆ ಮಾಡುವಂತೆ ತಿರುಗಿಸಿ ನೋಡಿದಳು.

“ಯಾವುದರಲ್ಲಿ ಚುಚ್ಕೊಂಡೆ? ಮೊಳೆಯಲ್ಲಾ?”

“ಸೂಜಿ ಮೊಂಡಾಗಿತ್ತು ಪಾನಿ. ಬೆಂಕಿಪೊಟ್ಟಣಕ್ಕೆ ಉಜ್ಜಿ ಚೂಪು ಮಾಡ್ಕೊಂಡೆ.”

“ಯಾರದು ಆ ಸೂಜಿ?”

“ನಮ್ಮೆಲ್ಲರದೂ.”

“ನಮ್ಮೆಲ್ಲರದೂ ಅಂದ್ರೆ?”

ರೆನಾಟಾ ಹೆಸರುಗಳನ್ನು ಹೇಳಿದಳು. ಅವುಗಳಲ್ಲಿ ಒಂದು ಹೆಸರಿನವನನ್ನು ಚರ್ಚಿನ ಹಿಂದಿನ ಸ್ಮಶಾನದಲ್ಲಿ ಹೂಳಿ ತಿಂಗಳಾಗಿರಲಿಲ್ಲ. ಅವನಿಗೆ ನ್ಯುಮೋನಿಯಾ ಎಂದು ಮನೆಯವರು ಹೇಳಿದ್ದರು. ಆ ವರ್ಷ ನಮ್ಮೂರಿನಲ್ಲಿ ಹರೆಯದವರಿಗೆಲ್ಲ ನ್ಯುಮೋನಿಯಾ. ಏಡ್ಸ್ ಎಂಬ ಶಬ್ದವನ್ನು ಪಾದ್ರಿಯೂ ಆಡಲಿಲ್ಲ, ಪತ್ರಿಕೆಯೂ ಅಚ್ಚುಮಾಡಲಿಲ್ಲ.

ಬ್ರೋನ್ಯಾ ಅವಳನ್ನು ಕೂಗಾಡಿ ಬೈದಳು. ನನ್ನ ಮನೆಯವರೆಗೂ ಕೇಳಿಸಿತು. ಕತ್ತೆ ಎಂದಳು, ನಿನ್ನಮ್ಮ ಬದುಕಿದ್ದರೆ ನಿನ್ನ ಚರ್ಮ ಸುಲಿಯುತ್ತಿದ್ದಳು ಎಂದಳು. ಆಮೇಲೆ ತೋಳಿಗೆ ಬಿಸಿನೀರಿನ ಶಾಖ ಕೊಟ್ಟು, ಕಪಾಟು ತೆಗೆದು ಗಂಡನ ಪೆಟ್ಟಿಗೆಯಿಂದ ಸೂಜಿಗಳನ್ನು ತೆಗೆದುಕೊಟ್ಟಳು.

“ಇದನ್ನ ಯಾರ ಜೊತೆಗೂ ಹಂಚ್ಕೋಬೇಡ. ಬೇಕಾದ್ರೆ ಅವರನ್ನೂ ಇಲ್ಲಿಗೇ ಕಳ್ಸು. ಹಳೇದು ತಂದುಕೊಟ್ರೆ ಹೊಸದು. ಕೈ ಬೀಸ್ಕೊಂಡು ಬಂದ್ರೆ ಒದೆ.”

ಬಂದರು. ಹಿಂಬಾಗಿಲಿಗೆ ಒಬ್ಬೊಬ್ಬರೇ ಬರುತ್ತಿದ್ದರು. ಬ್ರೋನ್ಯಾ ಪ್ರತಿಯೊಬ್ಬರಿಗೂ ಮೊದಲು ಬೈಗಳು, ಆಮೇಲೆ ಸೂಜಿ, ಕೊನೆಗೆ ಒಂದು ಬಟ್ಟಲು ಬೀಟ್‌ರೂಟ್ ಸೂಪು ಕೊಡುತ್ತಿದ್ದಳು. ಸೂಪು ಕುಡಿಯದೆ ಹೋಗುವ ಹಾಗಿರಲಿಲ್ಲ. ಹಳೆಯ ಸೂಜಿಗಳನ್ನು ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ತುಂಬಿ ಮುಚ್ಚಳ ಬಿಗಿದಿಡುತ್ತಿದ್ದಳು. ಬೀದಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಕೋರ್ಟಿನ ಸಮವಸ್ತ್ರದಲ್ಲಿ ಮನೆಗೆ ಬರುವ ನನ್ನನ್ನು ನೋಡಿ ಅವಳು ಬೇಲಿಯಾಚೆಯಿಂದ, “ಲಿಯೋ, ನಿನ್ನ ಸೊಂಟದಲ್ಲಿರೋ ಪಿಸ್ತೂಲಿಗೆ ಚೀಟಿ ಕೊಟ್ಟ ಡಾಕ್ಟರು ಯಾರು?” ಎಂದು ಕೇಳುತ್ತಿದ್ದಳು.

ಕಾಜಿಕ್‌ನ ಪೆಟ್ಟಿಗೆ ಬರಿದಾದಾಗ ಅವಳಿಗೆ ಹ್ಯಾಲೊರನ್ ಅವರ ತೀರ್ಪು ನೆನಪಾಯಿತು. ಮಾಳಿಗೆಯಲ್ಲಿ ಇನ್ನೂ ನಾಲ್ಕಾರು ಮುದಿ ಪಾರಿವಾಳಗಳಿದ್ದವು. ಅವಳು ಕಾನೂನು ಒಪ್ಪಿದ ಕೋಳಿ ಸಾಕುವವಳು. ಪಶುಪಕ್ಷಿಗಳ ಔಷಧಿ ಮಾರುವ ಅಂಗಡಿಗೆ ತೀರ್ಪಿನ ನಕಲು ಹಿಡಿದು ಹೋಗಿ ಸೂಜಿ ತರತೊಡಗಿದಳು. ಆ ಅಂಗಡಿಯವನು ಒಮ್ಮೆ ಕೇಳಿದನಂತೆ: “ನಿಮ್ಮ ಹಕ್ಕಿಗಳಿಗೆ ಇಷ್ಟೊಂದು ಕಾಯಿಲೆನಾ ಅಮ್ಮಾ?”

“ಊರಿಗೆ ಊರೇ ಕಾಯಿಲೆ ಬಿದ್ದಿದೆ, ಹಕ್ಕಿ ಏನು ಮಹಾ” ಎಂದು ಇವಳು ಪೊಟ್ಟಣ ಎತ್ತಿಕೊಂಡು ಬಂದಳಂತೆ.

ಯಾರೋ ಪೆಟ್ರಿಗೆ ದೂರು ಕೊಟ್ಟರು. ಚುನಾವಣೆ ಹತ್ತಿರವಿತ್ತು. ಒಂದು ಬೆಳಗ್ಗೆ ಸಾರ್ಜೆಂಟ್ ಆಗಿ ಹೊಟ್ಟೆ ಬಂದಿದ್ದ ರೆನಿಕ್, ಶೋಧನೆಯ ಆದೇಶ ಹಿಡಿದು ಬ್ರೋನ್ಯಾಳ ಮನೆಗೆ ಬಂದ. ಜಾಡಿ ನೋಡಿದ. ಹೊಸ ಪೊಟ್ಟಣ ನೋಡಿದ. ಒಲೆಯ ಮೇಲಿನ ಸೂಪಿನ ಮುಚ್ಚಳವನ್ನೂ ತೆಗೆದು ನೋಡಿದ.

“ಪಾರಿವಾಳಕ್ಕೆ ಅಂತ ಹೇಳಬೇಡಿ ಪಾನಿ” ಎಂದ, ಬೇಡಿಕೊಳ್ಳುವ ದನಿಯಲ್ಲಿ.

“ಹೇಳಲ್ಲ. ಸೂಪು ಕುಡೀತೀಯಾ?”

ಡೆಲವೆಕ್ಕಿಯೊನ ತಲೆ ನರೆತಿತ್ತು, ಆದರೆ ಶೋಧನೆಯ ಆದೇಶ ಓದಿದಾಗ ಅವನು ಬೆಂಚಿನಿಂದ ಎದ್ದು ಕುಣಿಯುವುದೊಂದು ಬಾಕಿ. ಆದೇಶದಲ್ಲಿ ‘ಮೇಲಿನ ಅಂತಸ್ತು’ ಎಂದಿತ್ತು. ಬ್ರೋನ್ಯಾ ಇದ್ದದ್ದು ಕೆಳಗಿನ ಅಂತಸ್ತಿನಲ್ಲಿ.

“ಪಾನಿ, ಗೆದ್ದೆವು! ತಪ್ಪು ಮನೆ ಶೋಧಿಸಿದ್ದಾರೆ. ಸಿಕ್ಕಿದ್ದನ್ನೆಲ್ಲ ಕೋರ್ಟು ನೋಡೋ ಹಾಗೇ ಇಲ್ಲ. ಸೂಜಿನೂ ಇಲ್ಲ, ಜಾಡಿನೂ ಇಲ್ಲ, ಮೊಕದ್ದಮೆನೂ ಇಲ್ಲ. ನೀವು ಬಾಯಿ ಬಿಡದಿದ್ರೆ ಸಾಕು.”

“ಬೇಡ.”

“ಏನು ಬೇಡ?”

“ಅದು ಬೇಡ. ಬಾಗಿಲು ತಪ್ಪಿತ್ತು ಅಂತ ಬಿಟ್ರೆ ಏನಾಗುತ್ತೆ? ನಾನೂ ತಪ್ಪು ಮಾಡಿದ್ದೆ, ಅವರೂ ತಪ್ಪು ಮಾಡಿದ್ರು, ಸರಿಹೋಯ್ತು ಅಂತಾಗುತ್ತೆ. ನಾನು ತಪ್ಪು ಮಾಡಿಲ್ಲ.”

“ಕಾನೂನಿನಲ್ಲಿ ಹಾಗೆ...”

“ಆ ಪೆಟ್ರಿ ಸಭೆಯಲ್ಲಿ ನಾನು ಮಕ್ಕಳಿಗೆ ವಿಷ ಹಂಚ್ತೀನಿ ಅಂದ. ನಾನು ಬಾಯಿ ಬಿಡಬೇಕು. ಬಾಯಿ ಬಿಡೋಕೆ ಯಾವುದಾದ್ರೂ ಕೀಲಿ ಇದೆಯಾ ನಿನ್ನ ಪುಸ್ತಕದಲ್ಲಿ?”

ಇತ್ತು. ದೊಡ್ಡ ಕೇಡನ್ನು ತಪ್ಪಿಸಲು ಬೇರೆ ದಾರಿಯಿಲ್ಲದೆ ಸಣ್ಣ ತಪ್ಪು ಮಾಡಿದರೆ ಕ್ಷಮೆ ಉಂಟು. ಉರಿಯುವ ಮನೆಯೊಳಗಿನ ಮಗುವಿಗಾಗಿ ಬಾಗಿಲು ಒಡೆದವನನ್ನು ಕಳ್ಳನೆನ್ನುವುದಿಲ್ಲ. ಡೆಲವೆಕ್ಕಿಯೊ ಆ ವಾದವನ್ನು ತನ್ನ ಜೀವಮಾನದಲ್ಲಿ ಗೆದ್ದಿರಲಿಲ್ಲ. ಯಾರಾದರೂ ಗೆದ್ದದ್ದನ್ನು ಕೇಳಿಯೂ ಇರಲಿಲ್ಲ. ಆದರೂ ತಲೆ ಕೆರೆದುಕೊಂಡು ಒಪ್ಪಿದ. ಆ ದಿನ ಅವನು ನನಗೆ ಸ್ವಲ್ಪ ಎತ್ತರವಾದಂತೆ ಕಂಡ.

ಕೋರ್ಟು ತುಂಬಿತ್ತು. ಮುಂದಿನ ಸಾಲಿನಲ್ಲಿ ಪೆಟ್ರಿ, ಹಿಂದಿನ ಗೋಡೆಗೆ ಒರಗಿ ಉದ್ದ ತೋಳಿನ ಅಂಗಿ ತೊಟ್ಟ ರೆನಾಟಾ. ಸರ್ಕಾರಿ ವಕೀಲ ಬ್ರೋನ್ಯಾಳನ್ನು ಪ್ರಶ್ನಿಸಲು ಎದ್ದ. ಹಳೆಯ ವಕೀಲ ಬಡ್ತಿ ಪಡೆದು ಹೋಗಿದ್ದ. ಇವನು ಅವನಿಗಿಂತ ನುಣುಪಾದವನು.

“ನೀವು ಸೂಜಿ ಕೊಟ್ಟಿದ್ದು ನಿಜವೇ?”

“ನಿಜ.”

“ಅದರಲ್ಲಿ ಅವರು ಹೆರಾಯಿನ್ ಚುಚ್ಚಿಕೊಳ್ತಾರೆ ಅಂತ ಗೊತ್ತಿತ್ತೇ?”

“ಮತ್ತೆ ಇನ್ನೇನು, ಗುಲಾಬಿ ನೀರು ಚುಚ್ಕೊಳ್ತಾರಾ?”

ಜನ ನಕ್ಕರು. ನಾನು ನಿಯಮದಂತೆ ಸದ್ದು ಸದ್ದು ಎಂದೆ. ನನ್ನದೇ ಬಾಯಿ ಬಿಗಿಹಿಡಿಯುವುದು ಕಷ್ಟವಾಗಿತ್ತು.

“ಕಾನೂನು ಮುರಿಯೋದರ ಬದಲು ಕಾನೂನುಬದ್ಧವಾದ ದಾರಿ ಹಿಡೀಬಹುದಿತ್ತಲ್ಲ? ನಿಮ್ಮ ಶಾಸಕರಿಗೆ ಪತ್ರ ಬರೆದು ಕಾನೂನು ಬದಲಿಸಿ ಅನ್ನಬಹುದಿತ್ತು.”

“ಬರೆದೆ. ಉತ್ತರ ಬಂತು.”

“ಏನಂತ?”

“ಅವರದೊಂದು ಫೋಟೋ. ಕೆಳಗೆ ಸಹಿ. ನಾಯಿ ಜೊತೆ ನಿಂತಿದ್ದಾರೆ.”

ಈ ಸಲ ಹ್ಯಾಲೊರನ್ ಅವರೂ ಕೆಮ್ಮಿದಂತೆ ಮಾಡಿದರು. ಬ್ರೋನ್ಯಾ ಅವರ ಕಡೆಗೇ ತಿರುಗಿದಳು.

“ಸ್ವಾಮಿ, ಪಾರಿವಾಳಕ್ಕೆ ಹೊಸ ಸೂಜಿ ಸಲ್ಲುತ್ತೆ ಅಂತ ಇದೇ ಕುರ್ಚಿಯಲ್ಲಿ ಕೂತು ನೀವೇ ಹೇಳಿದ್ರಿ. ನೀವು ಅದನ್ನ ತಿಂದಿದ್ರಿ ಅಂತ ಹೇಳಿದ್ರಿ. ಈ ಮಕ್ಕಳನ್ನ ಯಾರೂ ತಿನ್ನಲ್ಲ, ಅದಕ್ಕೆ ಇವರಿಗೆ ಸೂಜಿ ಇಲ್ವಾ?”

ಆಗ ಯಾರೂ ನಗಲಿಲ್ಲ. ಹ್ಯಾಲೊರನ್ ಮುಂದಿದ್ದ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಒಂದು ಮಾತಿನಲ್ಲಿ ಮುಗಿಸುತ್ತಿದ್ದರು. ಒಳ್ಳೆಯವರಾದ್ದರಿಂದ ಬಹಳ ಹೊತ್ತು ವಿವರಿಸಿದರು. ಕೇಡು ತಪ್ಪಿಸಲು ಕಾನೂನು ಮುರಿದೆನೆಂದು ಹೇಳಬೇಕಾದರೆ ಆ ಕೇಡು ಕಣ್ಣೆದುರಿಗೇ, ಆ ಕ್ಷಣಕ್ಕೇ ಬಂದೆರಗುವಂತಿರಬೇಕು. ಬೆಂಕಿ ಆ ಕ್ಷಣಕ್ಕೆ ಸುಡುತ್ತದೆ. ಈ ರೋಗವಾದರೋ ಒಬ್ಬನನ್ನು ಕೊಲ್ಲಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಹೀಗಾಗಿ ಕಾನೂನಿನ ದೃಷ್ಟಿಯಲ್ಲಿ ತುರ್ತೆಂಬುದು ಇಲ್ಲ.

ಅಂದರೆ ರೋಗ ಸ್ವಲ್ಪ ಚುರುಕಾಗಿದ್ದಿದ್ದರೆ ಬ್ರೋನ್ಯಾ ಬಿಡುಗಡೆಯಾಗುತ್ತಿದ್ದಳು. ತಪ್ಪು ರೋಗದ್ದು.

ಅವಳು ಅಪರಾಧಿ ಎಂದಾಯಿತು. ವಯಸ್ಸಿನ ಕಾರಣ ಜೈಲು ಬೇಡವೆಂದು, ಒಂದು ಬೇಸಿಗೆಯ ಕಾಲ ನದಿ ದಂಡೆಯ ಉದ್ಯಾನದಲ್ಲಿ ಸಮಾಜಸೇವೆ ಮಾಡಬೇಕೆಂದು ಹ್ಯಾಲೊರನ್ ತೀರ್ಪು ಕೊಟ್ಟರು. ಪೆಟ್ರಿ ಹೊರಗೆ ಪತ್ರಿಕೆಯವರಿಗೆ ನ್ಯಾಯ ಗೆದ್ದಿತು ಎಂದ. ಡೆಲವೆಕ್ಕಿಯೊ ಶೌಚಾಲಯದಲ್ಲಿ ಮುಖ ತೊಳೆದುಕೊಂಡು ಬಂದ. ಬಹಳ ಹೊತ್ತು ತೊಳೆದುಕೊಂಡ.

ಉದ್ಯಾನದಲ್ಲಿ ಅವಳಿಗೆ ಕಿತ್ತಳೆ ಬಣ್ಣದ ಅಂಗಿ, ದಪ್ಪ ಕೈಗವಸು, ಉದ್ದ ಇಕ್ಕಳ, ಒಂದು ಕೆಂಪು ಡಬ್ಬಿ ಕೊಟ್ಟರು. ಕೆಲಸ ಏನೆಂದು ಕೇಳಿದರೆ ಮೇಸ್ತ್ರಿ, “ಪೊದೆ ಕೆಳಗೆ, ಬೆಂಚಿನ ಕೆಳಗೆ ಬಿದ್ದಿರೋ ಸೂಜಿಗಳನ್ನ ಆರಿಸೋದು” ಎಂದ. ಸೂಜಿ ಇಟ್ಟುಕೊಂಡ ತಪ್ಪಿಗೆ, ಕೋರ್ಟಿನ ಆಜ್ಞೆಯ ಪ್ರಕಾರ, ಸರ್ಕಾರದ ಡಬ್ಬಿಯಲ್ಲಿ ಅವಳು ಬೇಸಿಗೆಯೆಲ್ಲ ಸೂಜಿ ತುಂಬಿದಳು. ಗಸ್ತಿಗೆ ಬಂದ ರೆನಿಕ್ ದೂರದಿಂದ ನೋಡಿ ದಾರಿ ಬದಲಿಸಿದ. ಅವಳು ಬಿಡಲಿಲ್ಲ: “ಏಯ್ ಸಾರ್ಜೆಂಟು, ಡಬ್ಬಿ ತುಂಬಿದೆ, ಬಂದು ಹಿಡಿದುಕೊಂಡು ಹೋಗು!”

ರೆನಾಟಾ ಆಗಾಗ ಬಂದು ಬೆಂಚಿನಲ್ಲಿ ಕೂರುತ್ತಿದ್ದಳು.

“ಮುಂದಿನ ವಾರ ಚಿಕಿತ್ಸೆಗೆ ಹೋಗ್ತೀನಿ ಪಾನಿ.”

“ಹೋದ ಈಸ್ಟರಿಗೂ ಇದನ್ನೇ ಹೇಳಿದ್ದೆ.”

“ಈ ಸಲ ನಿಜ.”

“ಕಾಲು ಎತ್ತು, ಅಡಿಯಲ್ಲಿ ಒಂದಿದೆ.”

ಹೋದಳು, ತಪ್ಪಿಸಿಕೊಂಡು ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಮೂರನೆಯ ಸಲ ನಿಂತಳು. ಅವಳ ರಕ್ತದಲ್ಲಿ ಆ ರೋಗ ಇರಲಿಲ್ಲ. ಡಾಕ್ಟರು ಅದೃಷ್ಟ ಎಂದರಂತೆ. ಬ್ರೋನ್ಯಾ ಆ ಡಾಕ್ಟರನ್ನು ನೋಡಿರಲಿಲ್ಲವಾದರೂ ಅವನಿಗೆ ಪೋಲಿಷ್ ಭಾಷೆಯಲ್ಲಿ ಒಂದು ಹೆಸರಿಟ್ಟಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ರೆನಾಟಾಳ ಜೊತೆ ಮೊದಲು ಒಂದೇ ಸೂಜಿ ಹಂಚಿಕೊಂಡವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಅವರ ಹೆಸರಿನಲ್ಲಿ ಬ್ರೋನ್ಯಾ ಚರ್ಚಿನಲ್ಲಿ ಪೂಜೆ ಹೇಳಿಸುತ್ತಿದ್ದಳು. ಬರೀ ಹೆಸರು ಓದಿ ಸಾಕು, ಕಾಯಿಲೆಯ ಹೆಸರು ಬೇಡ ಎಂದು ಪಾದ್ರಿಗೆ ತಾಕೀತು ಮಾಡುತ್ತಿದ್ದಳು. ಪಾದ್ರಿಗೆ ಅದರಿಂದ ಎಷ್ಟು ನೆಮ್ಮದಿಯಾಗುತ್ತಿತ್ತೋ, ಅವಳ ದನಿಯಿಂದ ಅಷ್ಟೇ ನಾಚಿಕೆಯೂ ಆಗುತ್ತಿತ್ತು.

ವರ್ಷಗಳು ಕಳೆದವು. ನಾನು ನಿವೃತ್ತನಾದೆ. ಕಾನೂನು ಬದಲಾಯಿತು. ಸೂಜಿಗೆ ಸೂಜಿ ಬದಲಿಸಿಕೊಡುವ ಸರ್ಕಾರಿ ಗಾಡಿಯೊಂದು ನಮ್ಮೂರಿಗೆ ಬಂತು. ರಿಬ್ಬನ್ ಕತ್ತರಿಸಲು ಬಂದವನು ಪೆಟ್ರಿ. ಆಗ ಅವನು ಮೇಯರ್. ಇದು ತನ್ನ ಬಹುಕಾಲದ ಕನಸೆಂದ. ಮಾತಿನ ನಡುವೆ ಕಣ್ಣೊರೆಸಿಕೊಂಡ. ಅವನ ಮಗನೂ ಆ ಹೊತ್ತಿಗೆ ನ್ಯುಮೋನಿಯಾದಿಂದ ತೀರಿಹೋಗಿದ್ದ. ಆದ್ದರಿಂದ ಕಣ್ಣೀರು ನಿಜವಾದದ್ದೇ ಇರಬೇಕು. ನಾನು ಅದರ ಬಗ್ಗೆ ಏನೂ ಹೇಳಲಾರೆ.  ಬ್ರೋನ್ಯಾ ಹತ್ತಿರ ಹೋಗಿ ಅವನ ತೋಳು ಮುಟ್ಟಿ ಬಂದಳು.

ಗಾಡಿಯಲ್ಲಿ ಸಹಾಯಕ್ಕೆ ಜನ ಬೇಕೆಂದು ಗೋಡೆಗೆ ಚೀಟಿ ಹಚ್ಚಿದ್ದರು. ರೆನಾಟಾ ಬಲವಂತ ಮಾಡಿ ಬ್ರೋನ್ಯಾಳನ್ನು ಕಚೇರಿಗೆ ಕರೆದುಕೊಂಡು ಹೋದಳು. ಅಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ಅವಳ ಹೆಸರು ಒತ್ತಿ ನೋಡಿ, ಮುಖ ಕೆಂಪಗೆ ಮಾಡಿಕೊಂಡಳು.

“ಕ್ಷಮಿಸಿ ಅಜ್ಜಿ. ನಿಮ್ಮ ಮೇಲೆ ಒಂದು ಹಳೇ ಶಿಕ್ಷೆ ಇದೆ. ಸೂಜಿಗೆ ಸಂಬಂಧಪಟ್ಟದ್ದು. ಅಂಥವರನ್ನ ತಗೊಳ್ಳೋ ಹಾಗಿಲ್ಲ ಅಂತ ನಿಯಮ.”

ರೆನಾಟಾ ಮೇಜು ಗುದ್ದಲು ಕೈಯೆತ್ತಿದಳು. ಬ್ರೋನ್ಯಾ ಅವಳನ್ನು ಎಳೆದುಕೊಂಡು ಹೊರಗೆ ಬಂದಳು. ನಕ್ಕೂ ನಕ್ಕೂ ಅವಳಿಗೆ ಮೆಟ್ಟಿಲಲ್ಲಿ ಕೂರಬೇಕಾಯಿತು. ಡೆಲವೆಕ್ಕಿಯೊಗೆ ವಿಷಯ ತಿಳಿದು, ಮುದಿ ವಯಸ್ಸಿನಲ್ಲಿ ಕೋಲೂರಿಕೊಂಡು ಬಂದು, ದಾಖಲೆ ಅಳಿಸಿಹಾಕಲು ಅರ್ಜಿ ಹಾಕೋಣ, ಈ ಸಲ ಖಂಡಿತ ಗೆಲ್ಲುತ್ತೇವೆ ಎಂದ. “ಇರಲಿ ಬಿಡು” ಎಂದಳು ಅವಳು. “ನಾನು ಮಾಡಿದ್ರಲ್ಲಿ ಒಂದೇ ಒಂದು ಕೆಲಸ ಬರೆದಿಟ್ಟಿದ್ದಾರೆ. ಅದನ್ನೂ ಅಳಿಸ್ತೀಯಾ?”

ಗಾಡಿಯನ್ನು ದಿನವೂ ಅವಳ ಮನೆಯೆದುರೇ ನಿಲ್ಲಿಸುತ್ತಿದ್ದರು. ಅದರ ಹೊಗೆ ಅವಳ ಒಣಹಾಕಿದ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಅವಳು ಠಾಣೆಗೆ ಫೋನು ಮಾಡಿ ದೂರು ಕೊಟ್ಟಳು. ನಿವೃತ್ತಿಯ ಅಂಚಿನಲ್ಲಿದ್ದ ರೆನಿಕ್ ಬಂದು, ಗಾಡಿಗೆ ಪರವಾನಗಿ ಇದೆ ಪಾನಿ, ಎಲ್ಲ ಕಾನೂನುಬದ್ಧ ಎಂದ.

“ಹಾಗಾದ್ರೆ ಆ ಪರವಾನಗಿನೇ ಹಾಸಿಕೊಂಡು ಮಲಗ್ತೀನಿ ಬಿಡು, ಹಾಸಿಗೆ ಬಟ್ಟೆ ಎಲ್ಲ ಕಪ್ಪಾಗಿದೆ” ಎಂದು ಅವಳು ಒದ್ದೆ ದುಪ್ಪಟಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ರೆನಿಕ್ ಟೋಪಿ ತೆಗೆದು ಬೇಲಿಯ ಮೇಲಿಟ್ಟು, ಇನ್ನೊಂದು ತುದಿ ಹಿಡಿದ ಅವಳ ಎದುರು ನಿಂತು ಹಿಂಡತೊಡಗಿದ.